ಅಕ್ಕನ ತಟ್ಟೆಯಲ್ಲಿ ತಂಗಿಯ ತಾಳಿ

ನನಗೆ ಹೆಣ್ಣುಮಕ್ಕಳು ಇಬ್ಬರು, ಅಳಿಯ ಒಬ್ಬನೇ. ಇಬ್ಬರನ್ನೂ ಅವನಿಗೇ ಕೊಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೀನಿ, ಯಾಕಂದರೆ ಮುಂದೆ ಅವನನ್ನು ಬೈಯುವಾಗ ಓದಿದವರು 'ಅಯ್ಯೋ ಪಾಪ ಮುದುಕಿ' ಅಂದುಕೊಳ್ಳಬಾರದು. ಪಾಪ ಅನ್ನಿಸಿಕೊಳ್ಳುವ ಹಂಗೆ ನಾನೇನೂ ನಡೆದುಕೊಂಡಿಲ್ಲ.

ನಮ್ಮದು ಕಳಲೆ ಹತ್ತಿರದ ಒಂದು ಊರು. ದೊಡ್ಡವಳನ್ನು ಕೊಟ್ಟಿದ್ದು ಟಿ. ನರಸೀಪುರದ ಕಡೆ, ನಾಲೆ ಬಯಲಿನ ಹಳ್ಳಿಗೆ. ಅಳಿಯ ನಾಲೆಯ ಸೌಡಿ. ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಮೊದಲು ನೀರು ಅಂತ ಬಂದ ಜಗಳದಲ್ಲಿ ನ್ಯಾಯ ಹೇಳೋದು. ಸರ್ಕಾರಿ ಕೆಲಸ ಅಂದರೆ ಆಗ ಹೆಣ್ಣು ಹೆತ್ತವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ನಾನೂ ನಿಂತೆ. ನನ್ನ ಗಂಡ ಅಷ್ಟು ಹೊತ್ತಿಗೆ ಸತ್ತು ವರ್ಷಗಳಾಗಿತ್ತು, ಕೇಳೋರು ಹೇಳೋರು ಎಲ್ಲಾ ನಾನೇ.

ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು. ಕೈ ಚುರುಕು ಅಂತ ನರ್ಸಮ್ಮನ ಹಿಂದೆ ಹೆರಿಗೆ ಮನೆಗಳಿಗೆ ಓಡಾಡುತ್ತಿದ್ದೆ. ಮಕ್ಕಳಾಗದ ಆಪರೇಷನ್ ಕ್ಯಾಂಪು ಬಂದಾಗ ಸುತ್ತಿನ ಊರಿನ ಹೆಂಗಸರನ್ನು ಕರೆದುಕೊಂಡು ಹೋಗುವ ಕೆಲಸವೂ ನನ್ನದೇ. ಸ್ಕೂಲಿನ ಬೆಂಚು ಒಂದು ಕಡೆ ಪೇರಿಸಿ, ನೆಲದ ಮೇಲೆ ಜಮಖಾನ ಹಾಸಿ, ಸಾಲಾಗಿ ಮಲಗಿಸೋರು. ನಮ್ಮ ಬೀದಿಯವರು ಅತ್ತೆಗೆ 'ತವರಿಗೆ ಹೋಗ್ತೀನಿ' ಅಂತ ಸುಳ್ಳು ಹೇಳಿ ಬರೋರು. ಸಾಬರ ಬೀದಿಯವರು 'ದರ್ಗಾಕ್ಕೆ ಹರಕೆ' ಅಂತ ಸುಳ್ಳು ಹೇಳಿ ಬರೋರು. ಅಮಲು ಇಳಿಯುವಾಗ ಎರಡು ಬೀದಿಯವರೂ ಒಂದೇ ಥರ ವಾಂತಿ ಮಾಡಿಕೊಳ್ಳೋರು. ಒರೆಸಿದವಳು ನಾನು, ಅದಕ್ಕೇ ಹೇಳುತ್ತಿದ್ದೀನಿ.

ತೊಂಬತ್ತರ ಆಚೀಚೆ ನನ್ನ ದೊಡ್ಡ ಮಗಳು ಮೂರನೇ ಹೆರಿಗೆಗೆ ಬಂದಳು. ಮೊದಲಿನ ಎರಡೂ ಹೆಣ್ಣು. ಮೂರನೆಯದೂ ಹೆಣ್ಣು. ರಕ್ತ ನಿಲ್ಲಲಿಲ್ಲ. ಡಾಕ್ಟರಮ್ಮ ನನ್ನನ್ನು ಬಾಗಿಲಿಗೆ ಕರೆದು, 'ಇನ್ನೊಂದು ಹೆತ್ತರೆ ಉಳಿಯಲ್ಲ, ಈಗಲೇ ಆಪರೇಷನ್ ಮಾಡಿಬಿಡ್ತೀನಿ, ಸಹಿ ಹಾಕು' ಅಂದರು. ಅಳಿಯ ಊರಲ್ಲಿ ತೂಬಿನ ಹತ್ತಿರ ಇದ್ದ. ನಾನು ಹಾಕಿದೆ. ಅದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಅದರ ಹಿಂದೆ ಬಂದದ್ದು ತಪ್ಪು.

ಮಗುವಿನ ನಾಮಕರಣಕ್ಕೂ ಅವನು ಬರಲಿಲ್ಲ. ಆಮೇಲೆ ಒಂದು ದಿನ ಬಂದು ನನ್ನ ಮನೆ ಜಗಲಿ ಮೇಲೆ ಕೂತ. ತಲೆ ಎತ್ತದೆ ಮಾತಾಡಿದ.

'ಸಹಿ ಆಕಿದ್ದು ನೀನು. ನನ್ ವಂಸ ಕತ್ತರಿಸಿದ್ದು ನೀನು. ಈಗ ನೀನೇ ದಾರಿ ತೋರ್ಸು ಅತ್ತೆ.'

'ಎಂಥ ದಾರಿ?'

'ಚಿಕ್ಕೋಳ್ನ ಕೊಡು. ಒರಗಿನೋಳು ಬಂದ್ರೆ ನಿನ್ ಮಗಳ್ನ ಕೊಟ್ಟಿಗೆಗೆ ತಳ್ತಾಳೆ. ತಂಗಿಯಾದ್ರೆ ಅಕ್ಕನ್ನ ನೋಡ್ಕತಾಳೆ. ಇಬ್ರೂ ಒಂದೇ ಮನೇಲಿ ಇರ್ತಾರೆ.'

ನಮ್ಮ ಕಡೆ ಇದು ಅವನು ಹುಟ್ಟುಹಾಕಿದ ಮಾತಲ್ಲ. ಗಂಡು ಆಗದ ಮನೆಗೆ ತಂಗಿಯನ್ನು ಕೊಡೋದು ಹಳೇ ರೂಢಿ. ನನ್ನ ಸ್ವಂತ ಸೋದರತ್ತೆ ಹಂಗೇ ಹೋದವಳು. 'ಒಬ್ಬರ ಮುಖ ಒಬ್ಬರು ನೋಡ್ಕೊಂಡು ಬಾಳಿದರು' ಅಂತ ಹಿರಿಯರು ಹೊಗಳೋರು. ನೋಡಿಕೊಂಡು ಏನು ಮಾಡಿದರು ಅಂತ ಯಾರೂ ಹೇಳುತ್ತಿರಲಿಲ್ಲ.

ಚಿಕ್ಕವಳಿಗೆ ಆಗ ಹದಿನೆಂಟು ತುಂಬಿತ್ತು. ಒಳಗೆ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಹೋಗಿ ಹೇಳಿದೆ. ಮೊರದಿಂದ ಕಣ್ಣು ಎತ್ತದೆ 'ಭಾವನ್ಗಾ?' ಅಂದಳು. 'ಹ್ಞೂಂ' ಅಂದೆ. ಮತ್ತೆ ಕಲ್ಲು ಆರಿಸೋಕೆ ಶುರು ಮಾಡಿದಳು. ಅದನ್ನೇ ನಾನು ಒಪ್ಪಿಗೆ ಅಂತ ಎಣಿಸಿಕೊಂಡೆ. ನನಗೆ ಹಂಗೆ ಎಣಿಸಿಕೊಳ್ಳೋದು ಸಲೀಸಾಗಿತ್ತು.

ಸಂಗಮದ ದಂಡೆಯ ಒಂದು ಸಣ್ಣ ಗುಡಿಯಲ್ಲಿ ಮದುವೆ. ಓಲಗ ಇಲ್ಲ, ಚಪ್ಪರ ಇಲ್ಲ. ಇಂಥ ಮದುವೆಗೆ ಮೊದಲನೇ ಹೆಂಡತಿಯೇ ತಾಳಿಯ ತಟ್ಟೆ ಹಿಡಿದು ತರಬೇಕು, ಅದೇ ಅವಳ ಒಪ್ಪಿಗೆ. ನನ್ನ ದೊಡ್ಡ ಮಗಳು ಇನ್ನೂ ಬಾಣಂತಿಯ ಬಿಳುಪು ಹೋಗದ ಮುಖ ಇಟ್ಟುಕೊಂಡು ಹಿತ್ತಾಳೆ ತಟ್ಟೆ ಹಿಡಿದು ಬಂದಳು. ತಂಗಿಯ ಸೀರೆ ನಿರಿಗೆ ಜಾರಿತ್ತು. ತಟ್ಟೆ ಒಂದು ಕೈಗೆ ಬದಲಾಯಿಸಿ ನಿರಿಗೆ ಸರಿಮಾಡಿದಳು. ಪೂಜಾರಿ, 'ಬೇಗ ಬೇಗ, ಇನ್ನೊಂದು ಪಾರ್ಟಿ ಕಾಯ್ತಾ ಅದೆ' ಅಂದ. ಮುಗಿಯಿತು. ನಾನು ಅಕ್ಷತೆ ಹಾಕಿದೆ.

ಆಮೇಲೆ ಬಂತು ನೋಡಿ ಕಾಗದದ ಕಥೆ. ಸರ್ಕಾರಿ ಕೆಲಸದವನು ಒಬ್ಬಳು ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಂಡರೆ ಕೆಲಸ ಹೋಗುತ್ತೆ. ಅದು ಅವನಿಗೆ ಮೊದಲೇ ಗೊತ್ತಿತ್ತು. ಚಿಕ್ಕವಳು ಎರಡು ಗಂಡು, ಒಂದು ಹೆಣ್ಣು ಹೆತ್ತಳು. ಮೂರನ್ನೂ ಸ್ಕೂಲಿಗೆ ಸೇರಿಸುವಾಗ ತಾಯಿಯ ಹೆಸರು ಅಂದಲ್ಲಿ ದೊಡ್ಡವಳ ಹೆಸರು ಬರೆಸಿದ. ರೇಷನ್ ಕಾರ್ಡಲ್ಲೂ ಹಂಗೇ. ಚಿಕ್ಕವಳ ಹೆಸರು ಎಲ್ಲಿತ್ತು ಅಂದರೆ, ನನ್ನ ಕಾರ್ಡಲ್ಲಿ. 'ಮಗಳು, ಮದುವೆಯಿಲ್ಲ' ಅಂತ. ಮೂರು ಹೆತ್ತವಳು ಸರ್ಕಾರದ ಲೆಕ್ಕದಲ್ಲಿ ಕನ್ಯೆ. ಆಪರೇಷನ್ ಮಾಡಿಸಿಕೊಂಡವಳು ಆಮೇಲೆ ಮೂರು ಹೆತ್ತ ಮಹಾತಾಯಿ.

ಹೀಗೇ ವರ್ಷಗಳು ಕಳೆದವು. ಎರಡು ಸಾವಿರದ ಐದೋ ಆರೋ ಇರಬೇಕು, ಅಳಿಯನಿಗೆ ಹೊಸ ಹುಚ್ಚು ಹತ್ತಿತು. ಪೇಟೆಯಿಂದ ಕರಪತ್ರ ಹಿಡಿದು ನಾಲ್ಕು ಜನ ಬರೋರು. ಟೀ ಅಂಗಡಿ ಮುಂದೆ ಇವನೂ ಸೇರಿಕೊಂಡು ಒಂದೇ ಹಾಡು. 'ಅವ್ರು ನಾಲ್ಕ್ ನಾಲ್ಕ್ ಕಟ್ಕತಾರೆ, ಇಪ್ಪತ್ತಿಪ್ಪತ್ತು ಉಟ್ಟುಸ್ತಾರೆ, ನಾಳೆ ನಮ್ ಗದ್ದೇಲಿ ನಾವೇ ಕೂಲಿ.' ಬೋಂಡ ತಿನ್ನುತ್ತಾ ಹೇಳೋನು. ಎರಡು ಹೆಂಡಿರಲ್ಲಿ ಒಬ್ಬಳು ರಾಗಿ ಹಿಟ್ಟು ತೊಳಸುತ್ತಿರಬೇಕು, ಇನ್ನೊಬ್ಬಳು ಬಟ್ಟೆ ಒಗೆಯುತ್ತಿರಬೇಕು, ಇವನು ಇಲ್ಲಿ ಬೇರೆಯವರ ಮಂಚ ಎಣಿಸುತ್ತಾ ಕೂತಿದ್ದ.

ಒಂದು ಸಂಜೆ ಅಳಿಯನ ಊರಿನ ಅರಳಿಕಟ್ಟೆ ಹತ್ತಿರ ಸಭೆ. ನಾನು ಮಕ್ಕಳನ್ನು ನೋಡಿಕೊಂಡು ಹೋಗೋಕೆ ಬಂದವಳು ಹೆಂಗಸರ ಜೊತೆ ಕೂತಿದ್ದೆ. ಪೇಟೆಯವನೊಬ್ಬ, ಊರಲ್ಲಿ ಯಾವ ಮನೆಯಲ್ಲಿ ಎಷ್ಟು ಮಕ್ಕಳು ಅಂತ ಸ್ಕೂಲಿನ ದಾಖಲಾತಿ ಪುಸ್ತಕ ನೋಡಿ ಪಟ್ಟಿ ಮಾಡಿಕೊಂಡು ಬಂದಿದ್ದ. ಸಾಬರ ಬಂಡವಾಳ ಬಯಲು ಮಾಡುತ್ತೀನಿ ಅಂತ ಓದೋಕೆ ಶುರು ಮಾಡಿದ. ಸೈಕಲ್ ಶಾಪಿನ ಸಾಬನಿಗೆ ಎರಡು. ಸೊಪ್ಪು ಮಾರುವವಳಿಗೆ ಮೂರು. ಬಳೆ ಅಂಗಡಿಯವನಿಗೆ ಒಂದೇ ಒಂದು. ಅವನ ದನಿ ಇಳಿಯುತ್ತಾ ಬಂತು. ಕೊನೆಗೆ ಊರಿಗೆಲ್ಲ ಒಬ್ಬಳೇ ತಾಯಿಗೆ ಆರು ಮಕ್ಕಳು ಅಂತ ಒಂದು ಹೆಸರು ಓದಿದ. ನನ್ನ ದೊಡ್ಡ ಮಗಳದ್ದು.

ನನ್ನ ಪಕ್ಕದ ಮುದುಕಿ ಎದ್ದು ನಿಂತು ಗಟ್ಟಿಯಾಗಿ ಹೇಳಿದಳು: 'ಆಪ್ರೇಸನ್ ಆದ್ಮೇಲೆ ಮೂರು ಎತ್ತವಳೆ ಕಣ್ರಪ್ಪೋ! ಅಡ್ಬಿದ್ದು ಕಾಯಿ ಒಡೀರಿ!'

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೈಕಲ್ ಶಾಪಿನವನು ಮಾತ್ರ ನಗಲಿಲ್ಲ. ಅವನು ಪಾಪ ಎದ್ದು ಹೋಗಲೋ ಕೂರಲೋ ತಿಳಿಯದೆ ಟವೆಲ್ಲು ಕೊಡವುತ್ತಿದ್ದ. ಅಳಿಯ ನನ್ನ ಕಡೆ ತಿರುಗಿ ನೋಡಿದ, ಪಟ್ಟಿ ಬರೆದವಳು ನಾನೇ ಅನ್ನೋ ಹಂಗೆ.

ಅಷ್ಟಕ್ಕೇ ನಿಂತಿದ್ದರೆ ನಗೆಪಾಟಲು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಅದಾಗಿ ಒಂದು ತಿಂಗಳಿಗೆ ದೊಡ್ಡವಳ ಮೊದಲನೇ ಮಗಳ ವಿಷಯ ಹೊರಗೆ ಬಂತು. ಪಿಯುಸಿ ಮುಗಿಸಿ ನಂಜನಗೂಡಿನ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಇಪ್ಪತ್ತು ದಾಟಿತ್ತು. ಅಲ್ಲೇ ಎಲೆಕ್ಟ್ರಿಷಿಯನ್ ಕೆಲಸದ ಹುಡುಗ, ನರಸೀಪುರದವನು, ಸಾಬರ ಪೈಕಿ. ಅವನಪ್ಪನದ್ದು ಪಂಪ್‌ಸೆಟ್ ಮೋಟಾರು ವೈಂಡಿಂಗ್ ಅಂಗಡಿ. ಯಾರೋ ಇಬ್ಬರನ್ನೂ ಬಸ್ಸಲ್ಲಿ ನೋಡಿ ಬಂದು ಅಳಿಯನ ಕಿವಿಗೆ ಹಾಕಿದರು.

ಆ ದಿನ ನಾನು ಅಲ್ಲೇ ಇದ್ದೆ. ಅವನು ಬಾಗಿಲಲ್ಲೇ ಕೂಗಾಡಿದ.

'ಲೇ, ಅವ್ರು ನಾಲ್ಕು ಕಟ್ಕಳೋ ಜನ ಕಣೆ! ನೀನು ಎಷ್ಟ್ನೆಯೋಳು ಆಗಕ್ಕೆ ಒಂಟಿದೀಯ?'

ಹುಡುಗಿ ಹೆದರಲಿಲ್ಲ. 'ಈ ಮನೇಲಿ ಅವ್ವ ಎಷ್ಟ್ನೆಯೋಳು, ಚಿಕ್ಕವ್ವ ಎಷ್ಟ್ನೆಯೋಳು, ಮೊದ್ಲು ಅದೇಳಪ್ಪ' ಅಂದಳು.

ಹೊಡೆದ. ಬಿದ್ದಳು. ಅಡುಗೆ ಮನೆ ಬಾಗಿಲಲ್ಲಿ ನನ್ನ ಹೆಣ್ಣುಮಕ್ಕಳಿಬ್ಬರೂ ಒಂದೇ ಕಂಬ ಹಿಡಿದುಕೊಂಡು ನಿಂತಿದ್ದರು, ಮುಂದೆ ಬರಲಿಲ್ಲ. ನಾನೇ ಹೋಗಿ ಎಬ್ಬಿಸಿದೆ. ತುಟಿ ಒಡೆದಿತ್ತು. 'ನಾಕು ದಿನ ನನ್ ಮನೇಲಿರ್ಲಿ' ಅಂತ ಅವತ್ತೇ ಬಸ್ಸು ಹತ್ತಿಸಿಕೊಂಡು ಬಂದೆ. ಅವನು ತಡೆಯಲಿಲ್ಲ. ಯಾಕೆ ತಡೆಯಲಿಲ್ಲ ಅಂತ ವಾರದೊಳಗೆ ಗೊತ್ತಾಯಿತು.

ಹುಡುಗಿ ಕೆಲಸಕ್ಕೆ ಹೋದ ಹೊತ್ತು ನೋಡಿ ಬಂದ. ಕಾಫಿ ಕೊಟ್ಟೆ. ಬಹಳ ಮೆತ್ತಗೆ ಮಾತಾಡಿದ.

'ಅತ್ತೆ, ಕವಲಂದೆ ಕಡೆ ಒಂದು ಮನೆ ಅದೆ. ನಮ್ಮೋರೇ. ನೀರಾವರಿ ಜಮೀನು, ಟ್ರ್ಯಾಕ್ಟರು, ಎಲ್ಲಾ ಅದೆ. ಅವ್ರಿಗೆ ವಿಸ್ಯ ಎಲ್ಲಾ ಏಳಿದೀನಿ, ಆದ್ರೂ ಒಪ್ಪವರೆ.'

'ಎಲ್ಲಾ ಗೊತ್ತಿದ್ದೂ ಒಪ್ಪವರೆ ಅಂದ್ರೆ, ಅವನಿಗೇನು ಕುಂಟಾ ಕುರುಡಾ?'

'ಏನೂ ಇಲ್ಲ. ಕಟ್ಕಂಡಿರೋಳಿಗೆ ಮಕ್ಕಳಾಗಿಲ್ಲ, ಅಷ್ಟೇಯ. ಅವಳೂ ಒಳ್ಳೇಳು. ಅವಳೇ ತಟ್ಟೆ ಇಡೀತೀನಿ ಅಂದವಳೆ.'

ಬಾಯಲ್ಲಿದ್ದ ಕಾಫಿಯನ್ನು ಎದ್ದು ಹೋಗಿ ಹಿತ್ತಲಲ್ಲಿ ಉಗಿದು ಬಂದೆ. ಅವನು ಇನ್ನೂ ಮಾತಾಡುತ್ತಲೇ ಇದ್ದ.

'ನಾನು ಕರೆದ್ರೆ ಬರಕ್ಕಿಲ್ಲ ಅವಳು. ನಿನ್ ಮಾತು ಕೇಳ್ತಾಳೆ. ದೇವಸ್ಥಾನ ಅಂತಲೋ ಏನಾರ ಏಳಿ ಸೋಮವಾರ ಕರ್ಕಂಡ್ ಬಂದ್ಬುಡು. ಮಿಕ್ಕಿದ್ದು ನಾವ್ ನೋಡ್ಕತೀವಿ.'

ನಾಲ್ಕರಲ್ಲಿ ಒಬ್ಬಳಾಗಬಾರದು ಅಂತ ಮಗಳ ತುಟಿ ಒಡೆದವನು, ಎರಡರಲ್ಲಿ ಒಬ್ಬಳಾಗು ಅಂತ ಕಳಿಸೋಕೆ ತಯಾರಾಗಿದ್ದ. ಅವನ ಮುಖದಲ್ಲಿ ನಾಚಿಕೆ ಹುಡುಕಿದೆ. ಕೂದಲೆಳೆಯಷ್ಟೂ ಇರಲಿಲ್ಲ. ಅವನಿಗೆ ಇವೆರಡೂ ಬೇರೆ ಬೇರೆ ವಿಷಯ. ಇದು ನಮ್ಮದು, ಅದು ಅವರದು. 'ಸೋಮವಾರ ತಾನೆ, ಆಯ್ತು ಹೋಗು' ಅಂದೆ. ಸುಳ್ಳು ಹೇಳುವುದು ಆಪರೇಷನ್ ಕ್ಯಾಂಪಿನ ಹೆಂಗಸರಿಂದ ಕಲಿತಿದ್ದೆ.

ಮಾರನೇ ದಿನವೇ ನರಸೀಪುರಕ್ಕೆ ಹೋಗಿ ಹುಡುಗನ ಮನೆ ಹುಡುಕಿದೆ. ಅಂಗಡಿ ಹಿಂದೆಯೇ ಮನೆ. ಬಾಗಿಲು ತೆರೆದವಳನ್ನು ನೋಡಿದೆ, ಅವಳೂ ನನ್ನನ್ನು ನೋಡಿದಳು. ಎರಡನೇ ಮಗು ಆದಮೇಲೆ, ನಮ್ಮ ಕಡೆಯ ತವರಿಗೆ ಬಂದಿದ್ದಾಗ, ನನ್ನ ಜೊತೆ ಕ್ಯಾಂಪಿಗೆ ಬಂದವಳು! ಗುರುತು ತೋರಿಸದೆ 'ಬನ್ನಿ' ಅಂದಳು.

ಒಳಗೆ ಅವಳ ಗಂಡ, ಗಂಡನ ಅಣ್ಣ ಕೂತಿದ್ದರು. ಗಂಡ ಕೈಗೆ ಹತ್ತಿದ ವಾರ್ನಿಶ್ ಕೆರೆದುಕೊಳ್ಳುತ್ತಿದ್ದ. ಮಾತೆಲ್ಲ ಅಣ್ಣನದೇ.

'ಹುಡುಗಿ ನಮ್ಮ ಧರ್ಮಕ್ಕೆ ಬರಲಿ, ಹೆಸರು ಬದಲಾಯಿಸಲಿ, ನಿಕಾಹ್ ಆಗಲಿ. ರಾಣಿ ಥರ ಇಟ್ಕೋತೀವಿ. ಇಲ್ಲ ಅಂದ್ರೆ ಈ ಮನೆ ಹೊಸ್ತಿಲು ತುಳಿಯೋದು ಬೇಡ.'

'ನಿಮ್ಮಲ್ಲಿ ಗಂಡಸು ನಾಲ್ಕು ಕಟ್ಕೋಬಹುದಂತಲ್ಲ?' ಅಂತ ಕೇಳಿಯೇಬಿಟ್ಟೆ.

ಅವನು ಗಡ್ಡ ನೀವಿಕೊಂಡು ನಕ್ಕ. 'ನಮಗೆ ಅನುಮತಿ ಇದೆ ಅಜ್ಜಿ, ಆದ್ರೂ ಕಟ್ಕೊಳ್ಳೋರು ಎಷ್ಟು ಜನ? ನಿಮಗೆ ಅನುಮತಿನೇ ಇಲ್ಲ, ಆದ್ರೂ ಬಿಡಲ್ಲ. ನಿಮ್ಮ ಅಳಿಯನ್ನೇ ಕೇಳಿ.'

ಉತ್ತರ ಚೆನ್ನಾಗಿತ್ತು. ಆದರೆ ಅವನಿಗೂ ಇಬ್ಬರು ಹೆಂಡಿರು, ಎರಡು ಮನೆ ಅಂತ ಆಮೇಲೆ ತಿಳಿಯಿತು, ಒಂದು ಇಲ್ಲಿ, ಒಂದು ಚಾಮರಾಜನಗರದಲ್ಲಿ. ಅಲ್ಲೊಬ್ಬ ಜಗಲಿ ಮೇಲೆ, ಇಲ್ಲೊಬ್ಬ ಚಾಪೆ ಮೇಲೆ. ಒಬ್ಬನ ಹೊಲಸು ತೋರಿಸಿ ಇನ್ನೊಬ್ಬ ತಾನು ಶುದ್ಧ ಅನ್ನಿಸಿಕೊಳ್ಳೋದು. ನನಗೆ ಅಲ್ಲಿ ನೀರು ಕುಡಿಯೋಕೂ ಮನಸ್ಸಾಗಲಿಲ್ಲ.

ಏಳುವಾಗ ಹುಡುಗನ ತಾಯಿ 'ಎಲೆ ಅಡಿಕೆ ಕೊಡ್ತೀನಿ' ಅಂತ ಅಡುಗೆ ಮನೆಗೆ ಎಳೆದುಕೊಂಡು ಹೋದಳು. ಮಿಕ್ಸಿ ಆನ್ ಮಾಡಿದಳು. ಆ ಸದ್ದಲ್ಲಿ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು:

'ಅಮ್ಮಾ, ಅವರ ಮಾತು ಕೇಳ್ಬೇಡಿ. ಹುಡುಗ್ರು ರಿಜಿಸ್ಟರ್ ಮಾಡ್ಕೊಳ್ಳಲಿ. ಯಾರೂ ಧರ್ಮ ಬಿಡೋದು ಬೇಡ. ಹಂಗೆ ಮಾಡ್ಕೊಂಡ್ರೆ ಹುಡುಗಿ ಇರೋ ತನಕ ನನ್ ಮಗನಿಗೆ ಇನ್ನೊಂದು ಕಟ್ಕೊಳ್ಳೋಕೆ ಆಗಲ್ಲ, ಕಾನೂನು ಹಂಗೇ ಐತೆ. ವಕೀಲ್ರನ್ನ ಕೇಳಿದೀನಿ.'

'ನಿನ್ ಮಗನ ಮೇಲೆ ನಿನಗೇ ನಂಬಿಕೆ ಇಲ್ವಾ?'

'ನನ್ ವಾರಗಿತ್ತಿ ಹೆಂಗೆ ಅಳ್ತಾಳೆ ಅಂತ ನೋಡಿದೀನಿ' ಅಂದಳು. 'ನಾನು ಇವರ ಮುಂದೆ ಬೇಡ ಬೇಡ ಅಂತ ಎದೆ ಬಡ್ಕೋತೀನಿ. ನೀವು ನಿಮ್ಮೋರ ಮುಂದೆ ಬೈಕೊಂಡಿರಿ. ಸಾಕ್ಷಿ ಸಹಿಗೆ ನಾನು ಬರ್ತೀನಿ.'

ಮಿಕ್ಸಿಯಲ್ಲಿ ಏನೂ ಇರಲಿಲ್ಲ, ಬರೀ ಸುತ್ತುತ್ತಿತ್ತು.

ಹುಡುಗ ಹುಡುಗಿ ಅರ್ಜಿ ಹಾಕಿದರು. ಈ ರಿಜಿಸ್ಟರ್ ಮದುವೆಗೆ ಮೂವತ್ತು ದಿನ ಮೊದಲೇ ಇಬ್ಬರ ಹೆಸರು, ವಿಳಾಸ ಎಲ್ಲ ಬರೆದು ಆಫೀಸಿನ ಬೋರ್ಡಿಗೆ ಅಂಟಿಸುತ್ತಾರೆ, ತಕರಾರು ಇದ್ದವರು ಬರಲಿ ಅಂತ. ಓಡಿಹೋಗುವ ಮಕ್ಕಳ ವಿಳಾಸವನ್ನು ಹುಡುಕುವವರಿಗೆ ಅಂಟಿಸಿ ತೋರಿಸೋ ಕಾನೂನು! ಯಾರು ಬರೆದರೋ, ಅವರ ಮನೆಯಲ್ಲಿ ಹೆಣ್ಣುಮಕ್ಕಳು ಇರಲಿಲ್ಲ ಅಂತ ಕಾಣುತ್ತೆ. ಆ ಸೋಮವಾರ ನಾನು ಹುಡುಗಿಯನ್ನು ಕರೆದುಕೊಂಡು ಹೋಗಲಿಲ್ಲ. ಬುಧವಾರದ ಹೊತ್ತಿಗೆ ನೋಟೀಸು ನೋಡಿದವರು ಅಳಿಯನಿಗೆ ಹೇಳಿದ್ದರು. ಕರಪತ್ರದ ನಾಲ್ಕು ಜನರನ್ನೂ ಕಟ್ಟಿಕೊಂಡು ನನ್ನ ಬಾಗಿಲಿಗೆ ಬಂದ.

ಹುಡುಗಿಯನ್ನು ಒಳಕೋಣೆಗೆ ಹಾಕಿ ಚಿಲಕ ಹಾಕಿದೆ. ಹೊಸ್ತಿಲ ಮೇಲೆ ಒನಕೆ ಅಡ್ಡ ಇಟ್ಟುಕೊಂಡು ಕೂತೆ.

'ಅತ್ತೆ, ಮರ್ವಾದೆಯಿಂದ ಉಡುಗೀನ ಕಳ್ಸು.'

'ಇಬ್ಬರನ್ನ ಕೊಟ್ಟಿದೀನಿ ನಿನಗೆ. ಈ ಮನೆಯಿಂದ ಇನ್ನು ಒಂದೂ ಇಲ್ಲ.'

'ಸಾಬರಿಗೆ ಕೊಡ್ತೀಯ, ನಮ್ಮೋರಿಗೆ ಕೊಡಕ್ಕಿಲ್ವಾ? ನಾಳೆ ತಕರಾರು ಅರ್ಜಿ ಆಕ್ತೀನಿ.'

'ಆಕು. ನಾನೂ ನಿನ್ ಇಲಾಖೆಗೆ ಒಂದು ಬರೆಸ್ತೀನಿ. ನಿನ್ ಎಂಡ್ರ ಆಪರೇಷನ್ ಆದ ತಾರೀಕಿನ ಚೀಟಿ ನನ್ನತ್ರ ಅದೆ. ನಿನ್ ಗಂಡುಮಕ್ಕಳು ಉಟ್ಟಿದ ತಾರೀಕು ಸ್ಕೂಲಲ್ಲದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಸಾಹೇಬ್ರು ಓದಿಕೊಳ್ಳಲಿ.'

ಪೇಟೆಯವರಲ್ಲಿ ಒಬ್ಬ, 'ಏನ್ ಸಾ ಇದು, ಏನಂತಾವ್ರೆ ಇವ್ರು?' ಅಂತ ಅವನ ಮುಖ ನೋಡಿದ. ಅಳಿಯ ನನ್ನ ಕಾಲ ಹತ್ತಿರ ಉಗಿದು, 'ಇವತ್ತಿಂದ ನಿನ್ ಮಕ್ಕಳಿಬ್ರೂ ನಿನ್ ಪಾಲಿಗೆ ಸತ್ರು' ಅಂತ ಹೇಳಿ ಹೋದ. ಚೀಟಿ ಇದ್ದದ್ದು ನಿಜ. ಆದರೆ ನಾನು ಅದನ್ನು ಕೊಡುತ್ತಿರಲಿಲ್ಲ. ಅವನ ಕೆಲಸ ಹೋದರೆ ಉಪವಾಸ ಬೀಳೋದು ನನ್ನ ಇಬ್ಬರು ಹೆಣ್ಣುಮಕ್ಕಳು, ಅವರ ಮಕ್ಕಳು. ಅಷ್ಟು ಯೋಚನೆ ಮಾಡುವ ಬುದ್ಧಿ ಅವನಿಗಿರಲಿಲ್ಲ, ಅದರಿಂದ ಬಚಾವಾದೆ.

ಮೂವತ್ತು ದಿನ ಆ ಹುಡುಗಿಯ ಪಕ್ಕದಲ್ಲೇ ಮಲಗಿದೆ. ಫ್ಯಾಕ್ಟರಿ ಬಸ್ಸಿಗೆ ನಾನೇ ಹತ್ತಿಸಿ ನಾನೇ ಇಳಿಸಿಕೊಂಡೆ. ಊರವರು ನನ್ನ ಮನೆಗೆ ಬೆಂಕಿ ಕೇಳೋಕೂ ಬರೋದು ಬಿಟ್ಟರು. ಹೆರಿಗೆ ನೋವು ಬಂದಾಗ ಮಾತ್ರ ಬಂದು ಕರೆಯೋರು. ಆಗ ನನ್ನ ಕೈ ಮೈಲಿಗೆ ಆಗುತ್ತಿರಲಿಲ್ಲ.

ತಕರಾರು ಬರಲಿಲ್ಲ. ಸಹಿಯ ದಿನ ಹುಡುಗನ ತಾಯಿ ಹೇಳಿದ ಹಂಗೆ ಬಂದಳು, ಫ್ಯಾಕ್ಟರಿಯ ಸೂಪರ್‌ವೈಸರ್ ಒಬ್ಬ ಬಂದ, ಮೂರನೆಯ ಸಾಕ್ಷಿ ನಾನು. ಆಫೀಸರು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಅಜ್ಜಿ, ನಿಮಗೆ ಈ ಮದುವೆ ಮನಸಾರೆ ಇಷ್ಟ ಇದೆಯಾ?' ಅಂದರು.

'ಇಷ್ಟ ಇಲ್ಲ ಸಾಮಿ. ನನ್ನ ಕೇಳಿದ್ರೆ ನಮ್ಮೋನೇ ಒಬ್ಬ ಸಿಕ್ಕಿದ್ರೆ ಚೆನ್ನಾಗಿತ್ತು. ನೀವು ಕೇಳ್ತಿರೋದು ಇಷ್ಟಾನೋ ಸಹಿನೋ?'

'ಸಹಿ.'

'ಕೊಡಿ ಪೆನ್ನು.'

ಇಬ್ಬರೂ ನಂಜನಗೂಡಲ್ಲಿ ಒಂದು ಬಾಡಿಗೆ ಕೋಣೆ ಮಾಡಿದರು. ಅವಳು ಹೆಸರು ಬದಲಾಯಿಸಲಿಲ್ಲ, ಅವನೂ ಬದಲಾಯಿಸಲಿಲ್ಲ. ಎರಡು ಕಡೆಯವರೂ ಹೊಸ್ತಿಲು ತುಳಿಯಲಿಲ್ಲ. ಒಂದು ಮಗುವಾಗಿ ಸಾಕು ಅಂದರು. ಸುಖವಾಗಿದಾರಾ ಅಂದರೆ, ಗ್ಯಾಸ್ ಸಿಲಿಂಡರು ಯಾರು ತರಬೇಕು ಅಂತ ಜಗಳ ಆಡುತ್ತಾರೆ, ಎಲ್ಲರಂತೆ. ನಾನು ಹೋದರೆ ಹುಡುಗ ಎದ್ದು ಚಾಪೆ ಹಾಸುತ್ತಾನೆ, ಮಾತು ಕಮ್ಮಿ.

ನನ್ನ ಹೆಣ್ಣುಮಕ್ಕಳನ್ನು ಅಳಿಯ ನನ್ನ ಹತ್ತಿರ ಬಿಡಲಿಲ್ಲ. ಅವನ ಮಾತೇ ಮಾತು. ವರ್ಷದ ಮೇಲಾಗಿತ್ತು, ಒಂದು ಮಧ್ಯಾಹ್ನ ನರಸೀಪುರದ ಬಸ್ ಸ್ಟ್ಯಾಂಡಲ್ಲಿ ಚಿಕ್ಕವಳು ಕಂಡಳು. ಒಂದು ಕೈಯಲ್ಲಿ ತರಕಾರಿ ಚೀಲ. ಮುಂಗೂದಲು ನೆರೆತಿತ್ತು, ಮೂವತ್ತೈದೂ ಆಗಿರಲಿಲ್ಲ. ನಾನೇ ಹತ್ತಿರ ಹೋದೆ. ಅಕ್ಕನ ಮಂಡಿ ನೋವು, ಮಕ್ಕಳ ಪರೀಕ್ಷೆ, ಹಂಗೆ ನಾಲ್ಕು ಮಾತಾಯಿತು. ನಂಜನಗೂಡಿನ ಹುಡುಗಿಯ ಸುದ್ದಿ ಕೇಳಿದಳು. ಹೇಳಿದೆ. ಚೀಲ ಕೆಳಗಿಟ್ಟಳು.

'ಅವ್ವ, ಅವಳ ಪಾಲಿಗೆ ಇಲ್ಲ ಅನ್ನಕ್ಕೆ ಬಂತಲ್ಲ ನಿಂಗೆ. ಬಾಗ್ಲಿಗೆ ಅಡ್ಡ ಕೂತ್ಕಂಡಂತೆ. ನಂಗ್ಯಾಕೆ ಕೂತ್ಕನಿಲ್ಲ?'

'ಆಗ ಬರ್ನಿಲ್ಲ ಕಣೆ.'

'ಅಷ್ಟೇಯ?'

'ಅಷ್ಟೇಯ. ಅಳಿಯನ ಮುಂದೆ ತಲೆ ತಗ್ಗಿಸಿ ನಿಂತಿದ್ದೆ, ನಿನ್ನ ಕೊಟ್ರೆ ತಲೆ ಎತ್ತಬೋದು ಅನ್ನಿಸ್ತು. ಕೊಟ್ಟೆ.'

ಅವಳು ಅಳುತ್ತಾಳೆ ಅಂದುಕೊಂಡೆ, ಬೈತಾಳೆ ಅಂದುಕೊಂಡೆ. ಎರಡೂ ಮಾಡಲಿಲ್ಲ. 'ಸರಿ ಬುಡು' ಅಂತ ಚೀಲ ಎತ್ತಿಕೊಂಡು ಆಚೆ ಪ್ಲಾಟ್‌ಫಾರಂಗೆ ಹೋಗಿ ನಿಂತಳು. ಅವಳ ಬಸ್ಸೂ ಬಂದಿರಲಿಲ್ಲ, ನನ್ನದೂ ಬಂದಿರಲಿಲ್ಲ. ಅರ್ಧ ಗಂಟೆ ಇಬ್ಬರೂ ಎದುರು ಬದುರು ನಿಂತಿದ್ದೆವು. ಅವಳು ಒಂದು ಸಲವೂ ಈ ಕಡೆ ನೋಡಲಿಲ್ಲ. ಅಳಿಯನ ಮೇಲೆ, ಕರಪತ್ರದವರ ಮೇಲೆ, ಗಡ್ಡ ನೀವುವವನ ಮೇಲೆ ನನಗೆ ಬಂದ ಹೇಸಿಗೆ ಎಲ್ಲ ಸೇರಿಸಿದರೂ, ಆ ಅರ್ಧ ಗಂಟೆ ನನ್ನ ಮೇಲೆ ನನಗೆ ಬಂದಷ್ಟು ಆಗಲಿಕ್ಕಿಲ್ಲ.